ಪ್ರಿಯಪಕ್ಷಿ ನಿರ್ಣಯ ಮೀಮಾಂಸೆ

ಜಾತಕ ಕೂಡಿಸುವವರಿಗೆ ಪಂಚಾಂಗವಿದೆ, ಸೈಟು ಕೊಳ್ಳುವವರಿಗೆ ವಾಸ್ತುವಿದೆ. ಕಾಡುಹಕ್ಕಿಯೊಂದನ್ನು ಮೆಚ್ಚಿಕೊಳ್ಳಲು ಹೊರಟವನಿಗೆ ಮಾತ್ರ ನಮ್ಮಲ್ಲಿ ಒಂದು ಪ್ರಮಾಣಗ್ರಂಥವೂ ಇಲ್ಲ. ಇದರಿಂದಾದ ಅನರ್ಥವೆಂದರೆ, ಜನ ಹುಟ್ಟಿದಾರಭ್ಯ ಕಣ್ಣಲ್ಲಿ ಕಾಣದ ಹಕ್ಕಿಯನ್ನು ತಮ್ಮ ಪ್ರಿಯಪಕ್ಷಿಯೆಂದು ಸಾರುತ್ತ, ಹಿತ್ತಲಲ್ಲಿ ದಿನಾ ಕಿರುಚುವ ಹಕ್ಕಿಯನ್ನು ಹುಶ್ಶೆಂದು ಓಡಿಸುತ್ತಿದ್ದಾರೆ. ಆದಕಾರಣ ಈ ಪ್ರಬಂಧ.

ಶಾಸ್ತ್ರಾರಂಭದಲ್ಲಿ ಅನುಬಂಧ ಚತುಷ್ಟಯವನ್ನು ಹೇಳುವುದು ಸಂಪ್ರದಾಯ. ಅಧಿಕಾರಿ: ಕತ್ತು ನೋಯದವನು. ವಿಷಯ: ಹಕ್ಕಿ. ಸಂಬಂಧ: ಏಕಮುಖ. ಪ್ರಯೋಜನ: ಶೂನ್ಯ. ಸಾಕಿದ ಕೋಳಿ, ಪಂಜರದ ಗಿಣಿ, ತಟ್ಟೆಯಲ್ಲಿ ಕಂಡ ಕವುಜುಗ ಈ ಶಾಸ್ತ್ರದ ವ್ಯಾಪ್ತಿಗೆ ಬಾರವು. ಕೊನೆಯದರ ಬಗ್ಗೆ ಬೇರೆಯೇ ಒಂದು ಶಾಸ್ತ್ರ ಹುಲುಸಾಗಿ ಬೆಳೆದಿದೆ.

ಈಗ ಪೂರ್ವಪಕ್ಷ. ಕಾವ್ಯವೇ ಪ್ರಮಾಣ ಎನ್ನುವವರದು ಮೊದಲ ವಾದ. ಇವರ ಪಟ್ಟಿಯಲ್ಲಿ ಇರುವುದು ಹಂಸ, ಚಕೋರ, ಚಾತಕ, ಕೋಗಿಲೆ. ಹಂಸಕ್ಕೆ ಹಾಲುನೀರು ಬೇರ್ಪಡಿಸುವ ವಿದ್ಯೆಯುಂಟೆಂಬ ಖ್ಯಾತಿಯಿದೆ; ಆದರೆ ಯಾವ ಹಾಲಿನ ಡೇರಿಯೂ ಇದುವರೆಗೆ ಅದನ್ನು ನೇಮಿಸಿಕೊಂಡಿಲ್ಲ. ಹಿಮಾಲಯ ದಾಟಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲ ಕಳೆಯಲು ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ಹಂಸದ ಸ್ಥಾನದಲ್ಲಿ ಕೂರಿಸೋಣವೆಂದರೆ, ಅವುಗಳ ವಿವೇಕವೆಲ್ಲ ಸುತ್ತಲ ಹೊಲಗಳ ಶೇಂಗಾ ಆರಿಸುವುದರಲ್ಲಿ ವ್ಯಯವಾಗುತ್ತದೆ. ಬೆಳದಿಂಗಳು ಕುಡಿದು ಬದುಕುವ ಚಕೋರ ವಾಯವ್ಯದ ಬೆಟ್ಟಗುಡ್ಡಗಳಲ್ಲಿ ಕಾಳು, ಹುಳು ಹೆಕ್ಕುತ್ತ ಸುಖವಾಗಿದೆ. ವಸಂತದಲ್ಲಿ ಕೂಗುವ ಕೋಗಿಲೆಯನ್ನು ಎಷ್ಟೋ ಕವಿಗಳು ಹೆಣ್ಣೆಂದು ಹಾಡಿದ್ದಾರೆ. ಆ ಕುಹೂ ಮಾತ್ರ ಕೆಂಗಣ್ಣಿನ ಕಪ್ಪು ಗಂಡಿನದು. ಮೈತುಂಬ ಚುಕ್ಕಿಯಿರುವ ಹೆಣ್ಣು ಕಿಕ್ ಕಿಕ್ ಎಂದಷ್ಟೇ ಕೂಗಿ, ಮೊಟ್ಟೆಯನ್ನು ಕಾಗೆಯ ಗೂಡಿನಲ್ಲಿಟ್ಟು ಹೋಗುತ್ತದೆ. ಚಾತಕದ ವಿಚಾರ ಮುಂದೆ ಬರಲಿದೆ. ಓದುಗರು ಅದರಂತೆಯೇ ಕಾಯಬೇಕು.

ರಾಜಪ್ರಮಾಣವಾದಿಗಳದು ಎರಡನೆಯ ಪಕ್ಷ: ಸರ್ಕಾರ ಆರಿಸಿಕೊಟ್ಟ ಮೇಲೆ ಪ್ರಜೆಗೆ ಬೇರೆ ಆಯ್ಕೆ ಏತಕ್ಕೆ? 1963ರಲ್ಲಿ ನವಿಲು ರಾಷ್ಟ್ರಪಕ್ಷಿಯಾಯಿತು. ಪಕ್ಷಿತಜ್ಞ ಸಲೀಂ ಅಲಿ ಆ ಪಟ್ಟಕ್ಕೆ ಎತ್ತಿಹಿಡಿದದ್ದು ಬಯಲುಸೀಮೆಯ ಎರೆಭೂತವನ್ನು, ಇಂಗ್ಲಿಷಿನ ಗ್ರೇಟ್ ಇಂಡಿಯನ್ ಬಸ್ಟರ್ಡನ್ನು. ಸೋತ ಅಭ್ಯರ್ಥಿಯ ಠೇವಣಿ ಹೋಗುವುದುಂಟು. ಎರೆಭೂತದ ಹುಲ್ಲುಗಾವಲೇ ಹೋಯಿತು. ಕರ್ನಾಟಕದಲ್ಲಿ ಈಗ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟನ್ನು ಹುಡುಕಬೇಕು. ಗೆದ್ದ ನವಿಲಿನ ಜನಪ್ರಿಯತೆಯನ್ನು ಅಳೆಯಬೇಕಾದರೆ ಟೊಮೆಟೊ ತೋಟದ ಯಜಮಾನನನ್ನು ಕೇಳಿ. ಇನ್ನು ನಮ್ಮ ರಾಜ್ಯಪಕ್ಷಿ ನೀಲಕಂಠ. ತಂತಿಯ ಮೇಲೆ ಕೂತಾಗ ಮಾಸಲು, ರೆಕ್ಕೆ ಬಿಚ್ಚಿದೊಡನೆ ಎರಡು ಬಗೆಯ ನೀಲಿ. ಅದೇ ಹಕ್ಕಿ ತೆಲಂಗಾಣಕ್ಕೂ ಒಡಿಶಾಕ್ಕೂ ರಾಜ್ಯಪಕ್ಷಿ. ನ್ಯಾಯಮಂಡಳಿಯೇ ಇಲ್ಲದೆ ಕರ್ನಾಟಕ ನೆರೆಯವರೊಡನೆ ಹಂಚಿಕೊಂಡಿರುವ ಏಕೈಕ ಸಂಪತ್ತು ಇದೇ ಇರಬೇಕು.

ಬಹುಮತವೇ ಪ್ರಮಾಣ ಎನ್ನುವವರು ನ್ಯೂಜಿಲೆಂಡಿನತ್ತ ಬೆರಳು ತೋರುತ್ತಾರೆ. ಅಲ್ಲಿ 2005ರಿಂದ ವರ್ಷದ ಹಕ್ಕಿಗೆ ಸಾರ್ವಜನಿಕ ಮತದಾನವಿದೆ. 2021ರಲ್ಲಿ ಗೆದ್ದದ್ದು ಬಾವಲಿ. ಹೌದು, ಹಲ್ಲಿರುವ, ಮರಿಗೆ ಹಾಲೂಡಿಸುವ ಬಾವಲಿ. ಈ ಪದ್ಧತಿ ನಮ್ಮಲ್ಲಿಗೆ ಬಂದರೆ ಗೆದ್ದ ಹಕ್ಕಿಗಳನ್ನೆಲ್ಲ ರಾತ್ರೋರಾತ್ರಿ ರೆಸಾರ್ಟಿಗೆ ಸಾಗಿಸುವ ಖರ್ಚು ಯಾರ ತಲೆಗೆ ಎಂಬುದನ್ನು ಪೂರ್ವಪಕ್ಷಿಗಳು ವಿವರಿಸಿಲ್ಲ.

ಉತ್ತರಪಕ್ಷ: ಪ್ರತ್ಯಕ್ಷವೇ ಪ್ರಮಾಣ. ಪ್ರತ್ಯಕ್ಷದಲ್ಲಿ, ಅದರಲ್ಲೂ ಶ್ರವಣದಲ್ಲಿ, ಹರಟೆಮಲ್ಲನನ್ನು ಮೀರಿಸಿದ ಹಕ್ಕಿಯಿಲ್ಲ. ಇಸ್ತ್ರಿ ಕಾಣದ ಅಂಗಿಯಂಥ ಮಣ್ಣುಬಣ್ಣದ ಮೈ, ಮಾಸಲು ಹಳದಿ ಕೊಕ್ಕು, ಸದಾ ಸಿಟ್ಟಿನಲ್ಲಿರುವಂತೆ ಕಾಣುವ ಬಿಳಿಚು ಕಣ್ಣು. ಬಾಲವಂತೂ ಹಿಂದಿನಿಂದ ಸಡಿಲವಾಗಿ ಸಿಕ್ಕಿಸಿದಂತಿದೆ. ಆರೆಂಟು ಹಕ್ಕಿಗಳು ಕುಪ್ಪಳಿಸುತ್ತ ಬಂದು ತರಗೆಲೆಗಳನ್ನು ಒಂದೊಂದಾಗಿ ಮಗುಚುತ್ತವೆ. ಒಂದು ಮಾತ್ರ ಎತ್ತರದಲ್ಲಿ ಕಾವಲು ಕೂತಿರುತ್ತದೆ. ಬೆಕ್ಕೋ ಹಾವೋ ಕಂಡಿತೋ, ಮೌನವಾಗಿ ಜಾರಿಕೊಳ್ಳುವ ಹಕ್ಕಿಗಳಲ್ಲ ಇವು. ಎಲ್ಲವೂ ಸುತ್ತುಗಟ್ಟಿ, ಬಂದದ್ದು ತಪ್ಪಾಯಿತೆಂದು ಹಾವಿಗೇ ಅನಿಸುವಷ್ಟು ಬೈಯುತ್ತವೆ. ಗೂಡಿನಲ್ಲಿರುವ ಮರಿಗಳಿಗೆ ತಂದೆತಾಯಿಯಷ್ಟೇ ಅಲ್ಲ, ಗುಂಪಿನ ಚಿಕ್ಕಪ್ಪ, ದೊಡ್ಡಮ್ಮಂದಿರೂ ಗುಟುಕು ಕೊಡುತ್ತಾರೆ. ಅಷ್ಟು ಜಗಳವಾಡಿದವು ಸಂಜೆ ಒಂದೇ ಕೊಂಬೆಯ ಮೇಲೆ ಒತ್ತಾಗಿ ಕೂತು ಒಂದರ ಪುಕ್ಕವನ್ನು ಇನ್ನೊಂದು ನೀವುತ್ತವೆ. ಅವಿಭಕ್ತ ಕುಟುಂಬದ ಪರವಾಗಿ ವಾದಿಸುವವರು ಇದನ್ನು ಇನ್ನೂ ಗಮನಿಸಿದಂತಿಲ್ಲ.

ಈಗ ಚಾತಕ. ಮಳೆಹನಿಗಾಗಿ ಬಾಯ್ದೆರೆದು ಕಾಯುವ ಈ ವ್ರತಧಾರಿಯ ನಿಜವಾದ ಆಹಾರ ಕಂಬಳಿಹುಳು. ಗೂಡು ಕಟ್ಟುವ ಗೋಜಿಗೆ ಹೋಗುವುದಿಲ್ಲ. ಅದು ಮೊಟ್ಟೆಯಿಡುವುದು ಹರಟೆಮಲ್ಲನ ಗೂಡಿನಲ್ಲಿ, ಹರಟೆಮಲ್ಲನ ಮೊಟ್ಟೆಯದೇ ನೀಲಿಯಲ್ಲಿ. ಕಾವು ಕೊಟ್ಟು, ಹುಳು ತಂದು ತಿನ್ನಿಸಿ ಬೆಳೆಸುವ ಕೆಲಸ ಹರಟೆಮಲ್ಲನ ಕುಟುಂಬದ್ದು. ಶ್ಲೋಕ ಸಲ್ಲುವುದು ಚಾತಕಕ್ಕೆ. ಕೋಗಿಲೆಗೆ ಕಾಗೆ, ಚಾತಕಕ್ಕೆ ಹರಟೆಮಲ್ಲ: ಅಂದಮೇಲೆ ಸಾವಿರಾರು ವರ್ಷಗಳ ಭಾರತೀಯ ಕಾವ್ಯದ ಬಾಣಂತನದ ಖರ್ಚನ್ನು ಹೊತ್ತದ್ದು ಕವಿಗಳು ಕಣ್ಣೆತ್ತಿ ನೋಡದ ಈ ಎರಡು ಜಾತಿಗಳು.

ವಿಜ್ಞಾನಿಗಳೂ ಹರಟೆಮಲ್ಲನನ್ನು ನೆಮ್ಮದಿಯಾಗಿ ಇರಗೊಡಲಿಲ್ಲ. ಟರ್ಡಾಯ್ಡಿಸ್ ಕುಲದಲ್ಲಿದ್ದುದನ್ನು ಇತ್ತೀಚೆಗೆ ಆರ್ಗ್ಯಾ ಕುಲಕ್ಕೆ ಖಾತೆ ಬದಲಾಯಿಸಿದ್ದಾರೆ. ಹಕ್ಕಿಗೆ ನೋಟಿಸ್ ಹೋಗಿಲ್ಲ. ಹೋಗಿದ್ದರೆ ಇಡೀ ಗುಂಪು ಬಂದು ಕೌಂಟರಿನ ಮುಂದೆ ಕೂತಿರುತ್ತಿತ್ತು.

ಆದ್ದರಿಂದ ನಿರ್ಣಯ: ಪ್ರಿಯಪಕ್ಷಿಯ ಪೀಠ ಹರಟೆಮಲ್ಲನಿಗೆ ಸಲ್ಲತಕ್ಕದ್ದು. ಕಾಗೆಗೆ ಉಪಪೀಠ. ಕಾಜಾಣದ ಕಡೆಯವರು, ಮಿಂಚುಳ್ಳಿಯ ಫೋಟೋಕ್ಕಾಗಿ ಲಕ್ಷಾಂತರ ರೂಪಾಯಿಯ ಲೆನ್ಸ್ ಕೊಂಡವರು ಆಕ್ಷೇಪಣೆ ಸಲ್ಲಿಸಬಹುದು. ಬೆಳಗ್ಗೆ ಏಳರ ಹೊತ್ತಿಗೆ ಯಾವುದಾದರೂ ಲಂಟಾನ ಪೊದೆಯ ಬಳಿ ಖುದ್ದಾಗಿ ಹಾಜರಾಗಿ ವಾದ ಮಂಡಿಸತಕ್ಕದ್ದು. ಪ್ರತಿವಾದಿಗಳು ಆರೆಂಟು ಮಂದಿ ಇರುತ್ತಾರೆ, ಎಲ್ಲರೂ ಒಟ್ಟಿಗೇ ಮಾತಾಡುತ್ತಾರೆ. ನಿಮ್ಮ ಸರದಿ ಬರುತ್ತದೆಂಬ ಭರವಸೆಯನ್ನು ಈ ಪೀಠ ಕೊಡಲಾರದು.