ಪ್ರೋತ್ಸಾಹಕ್ಕೇನೂ ಕೊರತೆಯಿಲ್ಲ

ನಮ್ಮ ಮನೆಯಲ್ಲಿ ವ್ಯಾಯಾಮದ ಬಗ್ಗೆ ಯಾರ ತಕರಾರೂ ಇಲ್ಲ. ಅದು ಆಗಲೇಬೇಕು, ನಾಳೆ ಬೆಳಿಗ್ಗೆಯಿಂದಲೇ ಆಗಬೇಕು, ಮಾಡಬೇಕಾದವರು ಮಾತ್ರ ಇನ್ನೊಬ್ಬರು. ನಾನು ಓಡಬೇಕೆಂದು ಹೆಂಡತಿ, ಅವಳು ಈಜಬೇಕೆಂದು ನಾನು, ಹದಿನೈದರ ಮಗಳು ಹಾಸಿಗೆಯಿಂದ ಏಳಲಾದರೂ ಏಳಬೇಕೆಂದು ನಾವಿಬ್ಬರೂ. ಒಂಬತ್ತರ ಮಗ ಒಬ್ಬ ಮಾತ್ರ ಐದು ನಿಮಿಷ ಸುಮ್ಮನೆ ಕೂತರೆ ಸಾಕೆಂದು ಇಡೀ ಮನೆಗೆ ಮನೆಯೇ ಬೇಡಿಕೊಳ್ಳುತ್ತದೆ.

ಮಿಲ್ಟನ್ ಕೀನ್ಸ್‌ನಲ್ಲಿ ಇದ್ದುಕೊಂಡು ನಡೆಯದೆ ಇರುವುದಕ್ಕೆ ಒಳ್ಳೆಯ ನೆಪ ಸಿಗುವುದು ಕಷ್ಟ. 1967ರಲ್ಲಿ ನಕ್ಷೆಯ ಮೇಲೆ ಗುರುತು ಹಾಕಿ ಕಟ್ಟಿದ ಊರು ಇದು. ನಡೆಯುವವರಿಗೂ ಸೈಕಲ್ಲಿನವರಿಗೂ ಇಲ್ಲಿ ಬೇರೆಯೇ ಹಾದಿಗಳಿವೆ, ಕೆಂಪು ಬಣ್ಣದವು, ಎಲ್ಲ ಸೇರಿ ಇನ್ನೂರು ಮೈಲಿಗೂ ಹೆಚ್ಚು. ದೊಡ್ಡ ರಸ್ತೆ ಅಡ್ಡ ಬಂದ ಕಡೆ ಅದರ ಕೆಳಗೆ ನುಸುಳಿ ಆಚೆ ಹೋಗುತ್ತವೆ. ಅವನ್ನು ನಾವು ಕಾರಿನ ಕಿಟಕಿಯಿಂದ ಎಷ್ಟೋ ಸಲ ಮೆಚ್ಚಿಕೊಂಡಿದ್ದೇವೆ. ಊರಲ್ಲಿ ಸುಮಾರು 130 ವೃತ್ತಗಳೂ ಇರುವುದರಿಂದ ತರಕಾರಿ ತಂದು ಮನೆ ಮುಟ್ಟುವಷ್ಟರಲ್ಲಿ ಕಾರಿಗಂತೂ ಸಾಕಷ್ಟು ಪ್ರದಕ್ಷಿಣೆಯ ಪುಣ್ಯ ಬಂದಿರುತ್ತದೆ.

ಇಂಗ್ಲೆಂಡಿನಲ್ಲಿ ನಲವತ್ತರಿಂದ ಎಪ್ಪತ್ನಾಲ್ಕರವರೆಗಿನವರನ್ನು ಐದು ವರ್ಷಕ್ಕೊಮ್ಮೆ ಕರೆದು ರಕ್ತ, ಒತ್ತಡ, ತೂಕ ನೋಡುತ್ತಾರೆ. ನನ್ನ ಸರದಿಯೂ ಬಂತು. ಬಿಎಂಐ 25ಕ್ಕಿಂತ ಕೆಳಗೇ ಇದೆಯಲ್ಲ ಎಂದು ನಾನು ಎದೆಯುಬ್ಬಿಸುವಷ್ಟರಲ್ಲಿ ನರ್ಸಮ್ಮ ಸಮಾಧಾನದ ದನಿಯಲ್ಲಿ, ಆ 25 ಇಲ್ಲಿಯ ಬಿಳಿಯರಿಗೆ, ದಕ್ಷಿಣ ಏಷ್ಯಾದವರಿಗೆ 23 ಎಂದಳು. ಸೊಂಟಕ್ಕೂ ಹಾಗೇ. ಅವರ ಗಂಡಸರಿಗೆ 94 ಸೆಂಟಿಮೀಟರ್‌ವರೆಗೆ ಅಭ್ಯಂತರವಿಲ್ಲ, ನಮಗೆ 90. ನಮ್ಮ ಕೊಬ್ಬು ಕೈಕಾಲಿಗೆ ಹೋಗದೆ ಹೊಟ್ಟೆಯಲ್ಲೇ ಠಿಕಾಣಿ ಹೂಡುತ್ತದಂತೆ, ಕಡಿಮೆ ತೂಕಕ್ಕೇ ಸಕ್ಕರೆ ಕಾಯಿಲೆಯನ್ನು ಕರೆತರುತ್ತದಂತೆ. ಒಂದೇ ಅಂಗಡಿಯಲ್ಲಿ ಕೊಂಡ ಒಂದೇ ಅಳತೆಯ ಪ್ಯಾಂಟು ಪಕ್ಕದ ಮನೆಯವನು ಹಾಕಿದರೆ ಆರೋಗ್ಯ, ನಾನು ಹಾಕಿದರೆ ಅಪಾಯ.

ಊರಿಂದ ಅಮ್ಮನೊಂದಿಗೆ ಆರು ತಿಂಗಳಿಗೆಂದು ಬಂದಿದ್ದ ಅಪ್ಪ ಇದನ್ನು ಕೇಳಿ ಪೇಪರ್ ಮಡಿಸಿಟ್ಟರು. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. "ನಲವತ್ತೇಳರಲ್ಲಿ ಬಿಟ್ಟು ಹೋದ್ರು ಅನ್ಕೊಂಡಿದ್ವಲ್ಲೋ. ಇನ್ನೂ ಕಂದಾಯ ವಸೂಲಿ ಮಾಡ್ತಾನೇ ಇದಾರೆ!"

ಆದರೆ ಸರ್ಕಾರಿ ಕಾಗದ ಎಂದಮೇಲೆ ಅಪ್ಪ ಅದನ್ನು ಕಡೆಗಣಿಸುವವರಲ್ಲ. ಇಲ್ಲಿನ ಮುಖ್ಯ ವೈದ್ಯಾಧಿಕಾರಿಗಳು 2019ರಲ್ಲಿ ಹೊರಡಿಸಿದ ಸೂಚನೆಗಳನ್ನು ಮಗಳ ಕೈಯಲ್ಲಿ ಪ್ರಿಂಟ್ ಹಾಕಿಸಿ ಫೈಲು ಮಾಡಿದರು. ದೊಡ್ಡವರಿಗೆ ವಾರಕ್ಕೆ 150 ನಿಮಿಷ, ಮಕ್ಕಳಿಗೆ ದಿನಕ್ಕೆ ಸರಾಸರಿ 60, ಅರವತ್ತೈದು ದಾಟಿದವರಿಗೆ ಬೀಳದಂತೆ ಸಮತೋಲನದ ಅಭ್ಯಾಸ ವಾರಕ್ಕೆರಡು ಸಲ. ಫ್ರಿಜ್ಜಿನ ಬಾಗಿಲಿಗೆ ಹಾಜರಿ ಪಟ್ಟಿ ಬಂತು. ಅದರಲ್ಲಿ ಅಪ್ಪನ ಹೆಸರು ಮಾತ್ರ ಇರಲಿಲ್ಲ. ಕೇಳಿದ್ದಕ್ಕೆ, "ಪಟ್ಟಿ ಬರೆಯೋನು ಪಟ್ಟೀಲಿ ಇರಬಾರದಪ್ಪ, ಆಡಿಟ್‌ನಲ್ಲಿ ಆಕ್ಷೇಪಣೆ ಬರುತ್ತೆ" ಎಂದರು.

ಹೆಂಡತಿಯ ಕೈಗಡಿಯಾರ ಹೆಜ್ಜೆ ಎಣಿಸುವ ಜಾತಿಯದು. ಸೂಪರ್‌ಮಾರ್ಕೆಟ್ಟಿನಲ್ಲಿ ತಳ್ಳುಗಾಡಿ ಹಿಡಿದು ಗಂಟೆಗಟ್ಟಲೆ ಸುತ್ತಿದರೆ ಕೈ ಅಲುಗುವುದಿಲ್ಲವಾದ್ದರಿಂದ ಅದು ಅರ್ಧಂಬರ್ಧ ಎಣಿಸುತ್ತದೆ. ಮನೆಗೆ ಬಂದು ಚಪಾತಿ ಲಟ್ಟಿಸಲು ನಿಂತರೆ ಎಲ್ಲಿಗೋ ಹೊರಟಿದ್ದಾಳೆಂದು ಸಂಭ್ರಮಪಡುತ್ತದೆ. ಹತ್ತು ಸಾವಿರದ ಗುರಿ ಯಾವ ವೈದ್ಯರೂ ಬರೆದುಕೊಟ್ಟಿದ್ದಲ್ಲ, 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರಿನಿಂದ ಬಂದದ್ದು ಎಂದು ಮಗಳು ಮಲಗಿದಲ್ಲಿಂದಲೇ ಸಂಶೋಧಿಸಿ ತಿಳಿಸಿದಳು. ವ್ಯಾಯಾಮದ ಕುರಿತು ನಮ್ಮ ಮನೆಯಲ್ಲಿ ನಡೆಯುವ ಅಧ್ಯಯನವೆಲ್ಲ ಈ ಭಂಗಿಯಲ್ಲೇ.

ಎಲ್ಲರಿಗಿಂತ ತೊಂದರೆ ಕೊಟ್ಟಿದ್ದು ಅಮ್ಮನ ನಡಿಗೆ. ನಡಿಗೆಯ ಬಿರುಸು ಸಾಕೋ ಸಾಲದೋ ತಿಳಿಯಲು ಇಲ್ಲಿಯವರದೊಂದು ಸುಲಭದ ಪರೀಕ್ಷೆಯಿದೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಮ್ಮ ಸೀರೆಯ ಮೇಲೆ ಸ್ವೆಟರ್, ಅದರ ಮೇಲೆ ನನ್ನ ಹಳೇ ಜಾಕೆಟ್, ಕೆಳಗೆ ಮೊಮ್ಮಗಳ ಶೂ ಹಾಕಿಕೊಂಡು ಏರು ಹಾದಿಯಲ್ಲೂ ದೇವರನಾಮವನ್ನು ಚರಣ ಸಮೇತ ಹಾಡಿ ಮುಗಿಸುತ್ತಾಳೆ. ಹಾಗಾಗಿ ಅವಳು ನಡೆದದ್ದು ಲೆಕ್ಕಕ್ಕೆ ಬರುವುದಿಲ್ಲ. ನನಗಾದರೋ ಮೊದಲ ತಿರುವಿನಲ್ಲೇ ಮಾತೂ ನಿಂತಿತು. ಮಾತೇ ಹೊರಡದಷ್ಟು ದಣಿದರೆ ಅದು ಬಿರುಸಿನ ವ್ಯಾಯಾಮವೆಂದೂ ಅಂಥವರಿಗೆ 150ರ ಬದಲು 75 ನಿಮಿಷ ಸಾಕೆಂದೂ ಅಪ್ಪನ ಫೈಲಿನಲ್ಲೇ ಇದೆ. ಉಸಿರು ತಿರುಗಿದೊಡನೆ ಅರ್ಧ ರಿಯಾಯಿತಿಗೆ ಅರ್ಜಿ ಹಾಕಿದೆ.

ಅಮ್ಮ ಇದಾವುದಕ್ಕೂ ತಲೆ ಕೆಡಿಸಿಕೊಳ್ಳಲಿಲ್ಲ. ವಿಲ್ಲೆನ್ ಕೆರೆಯ ದಡದಲ್ಲಿ ಜಪಾನಿನ ಬೌದ್ಧ ಭಿಕ್ಷುಗಳ ಪಂಥವೊಂದು 1980ರಲ್ಲಿ ಕಟ್ಟಿದ ಶಾಂತಿ ಸ್ತೂಪವಿದೆ, ಪಶ್ಚಿಮ ದೇಶಗಳಲ್ಲೇ ಮೊದಲನೆಯದು. ಅದನ್ನು ಕಂಡದ್ದೇ ಅಮ್ಮ ಶೂ ಬಿಚ್ಚಿಟ್ಟು ಸುತ್ತತೊಡಗಿದಳು. ಬುದ್ಧ ಹತ್ತು ಅವತಾರಗಳಲ್ಲಿ ಒಬ್ಬ, ಇದರಲ್ಲಿ ಕೇಳುವುದೇನಿದೆ? ಆಮೇಲೆ ಸಂಜೆ ಅತ್ತೆ ಸೊಸೆ ಇಬ್ಬರೂ ಅಲ್ಲಿಗೆ. "ಎಕ್ಸರ್‌ಸೈಜಾ? ಅಯ್ಯೋ ಇಲ್ಲಮ್ಮ, ಪ್ರದಕ್ಷಿಣೆ" ಎಂದು ಊರಿನ ತಂಗಿಗೆ ವಿಡಿಯೊ ಕಾಲಿನಲ್ಲಿ ಹೇಳುವಾಗಲೂ ಅವಳು ಏದುಸಿರು ಬಿಡಲಿಲ್ಲ. ಸೊಸೆ ಬಿಡುತ್ತಿದ್ದಳು, ಆದರೆ ಅತ್ತೆಯ ಎದುರು ತೋರಿಸಿಕೊಳ್ಳುವಂತಿರಲಿಲ್ಲ.

ಇನ್ನು ಶನಿವಾರದ ಪಾರ್ಕ್‌ರನ್. ಅದನ್ನು ಕಂಡುಹಿಡಿದದ್ದೂ ಹೆಂಡತಿಯೇ, ನನಗಾಗಿ. ಬೆಳಿಗ್ಗೆ ಒಂಬತ್ತಕ್ಕೆ ಉದ್ಯಾನದಲ್ಲಿ ಸೇರಿ ಐದು ಕಿಲೋಮೀಟರ್ ಓಡುವುದು ಅಥವಾ ನಡೆಯುವುದು. ದುಡ್ಡಿಲ್ಲ, ಒಮ್ಮೆ ಹೆಸರು ನೋಂದಾಯಿಸಿ ಬಾರ್‌ಕೋಡ್ ಪಡೆದರಾಯಿತು. ಲಂಡನ್ನಿನ ಬುಷಿ ಪಾರ್ಕಿನಲ್ಲಿ ಹದಿಮೂರು ಜನ ಓಡಿ ಇದನ್ನು ಶುರುಮಾಡಿದ್ದು 2004ರ ಅಕ್ಟೋಬರ್ 2ರಂದು ಎಂಬುದು ಗೊತ್ತಾದಮೇಲೆ ಅಪ್ಪ ಪೂರ್ತಿ ನಮ್ಮ ವಿರೋಧ ಪಕ್ಷ ಸೇರಿದರು. "ಗಾಂಧಿ ಜಯಂತಿ! ದಂಡಿಗೆ ಹೊರಟಾಗ ಗಾಂಧೀಜಿಗೆ ಅರವತ್ತು. ಇಪ್ಪತ್ನಾಲ್ಕು ದಿನ, ಇನ್ನೂರ ನಲವತ್ತು ಮೈಲಿ. ನಿನಗೆ ಮೂರು ಮೈಲಿ ಭಾರವೇನೋ?"

ಒಂಬತ್ತು ಎಂದರೆ ಇವರು ಒಂಬತ್ತಕ್ಕೇ ಓಡಿಬಿಡುತ್ತಾರೆ. ನಾಲ್ಕಕ್ಕೆ ಎಂದು ಕರೆದ ರಾಜ್ಯೋತ್ಸವಕ್ಕೆ ಐದೂವರೆಗೆ ಹೋಗಿ ಮುಂದಿನ ಸಾಲು ಹಿಡಿದು ರೂಢಿಯಿರುವ ನಾವು ಸ್ನಾನ, ಸಂಧ್ಯಾವಂದನೆ, ಕಾಫಿ, ಪುಳಿಯೋಗರೆ ಡಬ್ಬಿಗಳನ್ನೆಲ್ಲ ಪೂರೈಸಿ ತಲುಪಿದಾಗ ಮೈದಾನದಲ್ಲಿ ಉಳಿದಿದ್ದು ಓಡುವವರು ಬಿಚ್ಚಿಟ್ಟ ಕೋಟುಗಳು ಮಾತ್ರ. ಮುಂದಿನ ವಾರ ಹೇಗೋ ಹೊತ್ತಿಗೆ ಸರಿಯಾಗಿ ಹೋದೆವು. ಹನ್ನೊಂದರ ಒಳಗಿನ ಮಕ್ಕಳು ದೊಡ್ಡವರ ಕೈಗೆಟುಕುವಷ್ಟು ಹತ್ತಿರದಲ್ಲೇ ಓಡಬೇಕೆಂಬುದು ಅಲ್ಲಿಯ ನಿಯಮ. ಮಗನನ್ನು ನನ್ನ ಸುಪರ್ದಿಗೆ ಕೊಟ್ಟರು. ಅವನು ಹತ್ತು ಹೆಜ್ಜೆ ಚಿಮ್ಮುವುದು, ನಿಲ್ಲುವುದು, ತಿರುಗಿ ನೋಡಿ "ಅಪ್ಪಾ, ಕಮಾನ್" ಎನ್ನುವುದು. ಪಕ್ಕದಲ್ಲಿ ಹೋಗುತ್ತಿದ್ದ ಹಿರಿಯ ಹೆಂಗಸೊಬ್ಬರು ಮಗನ ತಾಳ್ಮೆಯನ್ನು ಹೊಗಳಿದರು. ಓಡಿ ಕರಗಿಸಿದ ಮುನ್ನೂರು ಚಿಲ್ಲರೆ ಕ್ಯಾಲೊರಿ ಡಬ್ಬಿ ತೆರೆದ ಮೇಲೆ ಎಲ್ಲಿ ಹೋಯಿತೆಂದು ಯಾರೂ ಲೆಕ್ಕ ಇಡಲಿಲ್ಲ.

ಆ ಪುಳಿಯೋಗರೆಯ ಹೊತ್ತಿನಲ್ಲೇ ನಮಗೆ ಹೊಸ ಸುದ್ದಿ ಸಿಕ್ಕಿತು. ಇಲ್ಲಿ ಎಲ್ಲರೂ ಓಡಲೇಬೇಕೆಂದಿಲ್ಲ. ಸಮಯ ಬರೆಯಲು, ಬಾರ್‌ಕೋಡ್ ಓದಲು, ತಿರುವಿನಲ್ಲಿ ನಿಂತು ಚಪ್ಪಾಳೆ ತಟ್ಟಲು ಸ್ವಯಂಸೇವಕರು ಬೇಕು, ಅವರ ಸೇವೆಯೂ ದಾಖಲೆಗೆ ಸೇರುತ್ತದೆ. ಇದಲ್ಲವೇ ನಾವು ಹುಟ್ಟಿನಿಂದ ಮಾಡಿಕೊಂಡು ಬಂದಿರುವ ಕೆಲಸ! ಮಗಳು ಫೋನ್ ಹಿಡಿದೇ ಸ್ಕ್ಯಾನ್ ಮಾಡುವ ಹುದ್ದೆಗೆ ಸೇರಿದಳು. ಹೆಂಡತಿ ಸ್ಟಾಪ್‌ವಾಚ್ ತೆಗೆದುಕೊಂಡಳು. ಅಪ್ಪ ಮೊದಲು ವೀಸಾದ ನಿಯಮ ಓದಿದರು. ಪ್ರವಾಸಿಗಳು ನೋಂದಾಯಿತ ದತ್ತಿ ಸಂಸ್ಥೆಗೆ ಒಟ್ಟು ಮೂವತ್ತು ದಿನ ಮೀರದಂತೆ ಸೇವೆ ಮಾಡಬಹುದು. ಆರು ತಿಂಗಳಿಗೆ ಶನಿವಾರಗಳು 26. "ನಾಲ್ಕು ದಿನ ಕ್ಯಾಶುಯಲ್ ಲೀವ್ ಉಳಿಯುತ್ತೆ" ಎಂದು ಹೊಳೆಯುವ ಹಳದಿ ಅಂಗಿ ತೊಟ್ಟು, ಮಂಕಿ ಕ್ಯಾಪಿನೊಂದಿಗೆ ತಿರುವಿನಲ್ಲಿ ನಿಂತರು. "ಬನ್ನಿ ಬನ್ನಿ, ಕಾಲೆತ್ತಿ ಹಾಕಿ, ಇಷ್ಟರಲ್ಲೇ ಸುಸ್ತಾದ್ರೆ ಹೇಗೆ?" ಎಂದು ಅವರು ಅಪ್ಪಟ ಕನ್ನಡದಲ್ಲಿ ಗದರಿದರೆ ಇಂಗ್ಲಿಷಿನವರು ಥ್ಯಾಂಕ್ಯೂ ಎಂದು ಜೋರಾಗಿಯೇ ಓಡಿದರು. ಅಮ್ಮ ಅವರ ಪಕ್ಕದಲ್ಲಿ ನಿಂತು, ತೆಳ್ಳಗಿದ್ದವರನ್ನೆಲ್ಲ ನೋಡಿ ಮರುಗಿದಳು.

ಇಡೀ ಸಂಸಾರ ವಾರ ತಪ್ಪದೆ ಪಾರ್ಕ್‌ರನ್ನಿನಲ್ಲಿದೆ ಎಂದು ಕನ್ನಡ ಬಳಗದಲ್ಲೆಲ್ಲ ಹೆಸರಾಯಿತು. ಯಾರೂ ಓಡುತ್ತಿರಲಿಲ್ಲ ಎಂಬುದನ್ನು ನಾವಾಗಿ ಹೇಳಲು ಹೋಗಲಿಲ್ಲ.

ಮೊನ್ನೆ ಮುಂದಿನ ವಾರದ ಸ್ವಯಂಸೇವಕರ ಪಟ್ಟಿ ಬಂತು. ನಾನು ಚಪ್ಪಾಳೆಯ ಜಾಗ ಕೇಳಿದ್ದೆ. ನನ್ನ ಹೆಸರು ಟೇಲ್ ವಾಕರ್ ಎಂಬಲ್ಲಿತ್ತು. ಎಲ್ಲರ ಹಿಂದೆ, ಕೊಟ್ಟಕೊನೆಯವನಾಗಿ ಐದು ಕಿಲೋಮೀಟರೂ ನಡೆಯಬೇಕಾದ ಸ್ವಯಂಸೇವಕ. ಓಡಲು ಬಂದವರಲ್ಲಿ ಯಾರಿಗೂ ಕೊನೆಯ ಸ್ಥಾನ ಬರಬಾರದೆಂದು ಮಾಡಿಕೊಂಡ ಏರ್ಪಾಡು.

"ಇದು ಯಾರ ಕೆಲಸ?" ಎಂದೆ.

"ನಂದೇ ರೀ," ಎಂದಳು ಹೆಂಡತಿ, ಲಟ್ಟಣಿಗೆ ನಿಲ್ಲಿಸದೆ. "ಹೋದ ಸಲ ನಿಮ್ಮ ಟೈಮಿಂಗ್ ಹೇಳಿದೆ. ಇಂಥೋರನ್ನೇ ಹುಡುಕ್ತಿದ್ವಿ ಅಂದ್ರು."