‘ಯಾವ ಝಡ್?’

ವಿಂಡೋಸ್‌ನ ಹಿನ್ನೆಲೆ ಸರ್ವೀಸ್‌ಗೆ ‘ಲೋಕಲ್ ಸಿಸ್ಟಮ್’ ಖಾತೆ ಕೊಟ್ಟರೆ ಅದು ತನ್ನ ಯಂತ್ರದೊಳಗೆ ಸರ್ವಾಧಿಕಾರಿ. ಆದರೆ ನೆಟ್‌ವರ್ಕ್ ಫೋಲ್ಡರಿಗೆ ಜೋಡಿಸಿದ ಝಡ್ ಡ್ರೈವ್‌ನಲ್ಲಿರುವ ಪುಟ್ಟ ಪ್ರೋಗ್ರಾಂ ಓಡಿಸಪ್ಪಾ ಎಂದರೆ, ‘ಯಾವ ಝಡ್?’ ಎನ್ನುತ್ತದೆ! ಪಕ್ಕದೂರಿನ ಸಂತೆಗೆ ಹೋದ ಗೌಡರ ಪಾಡು. ಅಲ್ಲಿ ಮುಂಡಾಸು ನೋಡಿ ಯಾರೂ ಎದ್ದು ನಿಲ್ಲುವುದಿಲ್ಲ.

ಝಡ್ ಹುಟ್ಟುವುದು ನಿಮ್ಮ ಲಾಗಿನ್‌ನಲ್ಲಿ, ನಿಮಗಷ್ಟೇ. ಸರ್ವೀಸ್‌ಗೆ ವಿಸ್ಟಾ ಕಾಲದಿಂದ ಸೆಷನ್ 0ಯಲ್ಲಿ ಏಕಾಂತವಾಸ. ಅದು ಅಳುತ್ತಾ ತೋರಿಸುವ ಎರರ್ ಕಿಟಕಿಯೂ ನಿಮ್ಮ ಪರದೆಗೆ ಬಾರದು. ಡೊಮೇನ್ ನೆಟ್‌ವರ್ಕಿಗೆ ಕಾಲಿಟ್ಟಾಗ ಅದಕ್ಕೆ ಕಂಪ್ಯೂಟರಿನದೇ ಹೆಸರು, ಬಾಲಕ್ಕೊಂದು ಡಾಲರ್ ಚಿಹ್ನೆ. (ಡಾಲರ್ ಇದ್ದರೂ ಒಳಗೆ ಬಿಡದ ಜಾಗ ಇದೊಂದೇ ಇರಬೇಕು.)

ಹಾಗಾಗಿ ಝಡ್ ಬದಲು ಎರಡು ಹಿಮ್ಮುಖ ಓರೆಗೆರೆಯಿಂದ ಶುರುವಾಗುವ ಪೂರ್ಣ ವಿಳಾಸ ಕೊಡಿ, ಆ ಡಾಲರ್ ಬಾಲದ ಖಾತೆಗೆ ಓದುವ, ಓಡಿಸುವ ಅನುಮತಿ ಕೊಡಿ. ರಗಳೆಯೇ ಬೇಡವೆಂದರೆ ಪ್ರೋಗ್ರಾಂ ಅನ್ನು ಸಿ ಡ್ರೈವ್‌ಗೇ ನಕಲಿಸಿಬಿಡಿ. ನನ್ನ ಮತ ಇದಕ್ಕೇ.