ಅಯ್ಯನವರಿಗೆ ಸುಸ್ತಾಗುವಂತಿಲ್ಲ

ಕಳೆದ ತಿಂಗಳು ಆರಾಧನೆಯಲ್ಲಿ ವಿಶ್ವಾಸಪ್ರಮಾಣ ಹೇಳುತ್ತಾ ನಮ್ಮ ಚರ್ಚಿನ ಅಯ್ಯನವರು ಪೊಂತ್ಯ ಪಿಲಾತನ ಹೆಸರಿನ ಹತ್ತಿರ ಬಂದು ನಿಂತುಬಿಟ್ಟರು. ಮುಂದಿನ ಮಾತು ಹೊರಡಲೇ ಇಲ್ಲ. ಇಪ್ಪತ್ತೆರಡು ವರ್ಷದಿಂದ ಬಾಯಿಪಾಠವಾದದ್ದು! ಜನರೇ ಸೇರಿ ಅವರನ್ನು ಪಿಲಾತನಿಂದ ಬಿಡಿಸಿಕೊಂಡು ಮುಂದೆ ಹೋಗಬೇಕಾಯಿತು. ಮಾರನೆಯ ದಿನವೇ ನಮ್ಮ ಚರ್ಚ್ ಕಮಿಟಿಯ ತುರ್ತು ಮೀಟಿಂಗು.

ಪ್ರಾರ್ಥನಾ ಜೀವನ ಸಡಿಲವಾಗಿದೆ ಎಂದರು ಖಜಾಂಚಿ. ಸೈತಾನನ ಕೆಲಸ ಎಂದರು ಕಾರ್ಯದರ್ಶಿ. ಇಂಥದ್ದನ್ನೆಲ್ಲ ನಾವು ನಂಬುವುದಿಲ್ಲ, ಆದರೂ ದೃಷ್ಟಿ ತಾಕಿರಬಹುದು ಎಂದರು ಹಿರಿಯರೊಬ್ಬರು. ಡಾಕ್ಟರಾಗಿರುವ ಸದಸ್ಯರೊಬ್ಬರು ಮಾತ್ರ 'ಮನುಷ್ಯನಿಗೆ ನಿದ್ದೆ ಇಲ್ಲ, ಅಷ್ಟೇ' ಎಂದರು. ಅವರು ಚರ್ಚಿಗೆ ಬರುವುದು ವರ್ಷಕ್ಕೆ ಮೂರು ಭಾನುವಾರ. ಹಾಗಾಗಿ ಆ ಮಾತು ನಡಾವಳಿ ಪುಸ್ತಕಕ್ಕೆ ಏರಲಿಲ್ಲ.

ನಿದ್ದೆ ಯಾಕಿಲ್ಲ? ಅಯ್ಯನವರಿಗೆ ವಾರಕ್ಕೆ ಒಂದೇ ದಿನ ಕೆಲಸ ಎಂದು ಇಡೀ ಸಭೆಗೆ ಗೊತ್ತು. ಉಳಿದ ಆರು ದಿನ ಅವರದು ಬರೀ ಮದುವೆ, ಮಣ್ಣು, ಮನೆ ಪ್ರಾರ್ಥನೆ, ಉಪವಾಸ ಕೂಟ, ಆಸ್ಪತ್ರೆ, ಹೊಸ ಸ್ಕೂಟರಿನ ಆಶೀರ್ವಾದ, ಸ್ಕೂಲ್ ಸೀಟಿಗೆ ಶಿಫಾರಸು ಪತ್ರ. ಸುಗ್ಗಿ ಹಬ್ಬದ ಹರಾಜು ಇನ್ನೂ ಸ್ವಾರಸ್ಯ. ಒಂದು ಹಲಸಿನಹಣ್ಣಿಗೆ ಅಣ್ಣತಮ್ಮಂದಿರಿಬ್ಬರು ಪೈಪೋಟಿಗೆ ಬಿದ್ದು ನಾಲ್ಕು ಸಾವಿರಕ್ಕೆ ಏರಿಸಿದರು. ಗೆದ್ದ ತಮ್ಮ ಹಣ್ಣು ತಿಂದ, ದುಡ್ಡು ಕೊಡಲಿಲ್ಲ. ಅಣ್ಣ ಚರ್ಚು ಬಿಟ್ಟ. ವಸೂಲಿಯೂ ರಾಜಿಯೂ ಅಯ್ಯನವರ ತಲೆಗೆ ಬಂತು. ವರದಿಯಲ್ಲಿ ಇದಕ್ಕೆ 'ಗೃಹಭೇಟಿ' ಎಂದು ಹೆಸರು. ಕ್ರಿಸ್ಮಸ್ ಕ್ಯಾರಲ್ಸಿಗೆ ಹೊರಟರೆ ಒಂದು ರಾತ್ರಿಗೆ ಮೂವತ್ತೊಂದು ಮನೆ, ಮೂವತ್ತೊಂದು ಲೋಟ ಕಾಫಿ. ಸಕ್ಕರೆ ಕಾಯಿಲೆ ಇದೆ ಅಂದರೆ 'ನಮ್ಮ ಮನೇದು ಮಾತ್ರ ಬೇಡವಾ ಅಯ್ಯನವರೇ?' ಅಯ್ಯನವರ ಹೆಂಡತಿ ಅಮ್ಮನವರಿಗೂ ಇದೆಲ್ಲದರಲ್ಲಿ ಅರ್ಧ ಪಾಲುಂಟು, ಸಂಬಳದಲ್ಲಿ ಇಲ್ಲ.

ಈ ದಣಿವಿಗೆ ಹೊರಗಿನ ಲೋಕ ಹೆಸರನ್ನೂ ಇಟ್ಟಿದೆ. ನ್ಯೂಯಾರ್ಕಿನಲ್ಲಿ ಬಡವರ ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದ ಸ್ವಯಂಸೇವಕರು ಒಳಗೊಳಗೇ ಉರಿದು ಬೂದಿಯಾಗುವುದನ್ನು ಕಂಡ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನೋವಿಜ್ಞಾನಿ 1974ರಲ್ಲಿ ಅದನ್ನು ಬರ್ನ್‌ಔಟ್ ಎಂದು ಕರೆದ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕೆಲಸದಿಂದ ಬರುವ ಬವಣೆ ಎಂದಿತು. ನಾನು ಇದನ್ನು ಓದಿ ಹೇಳಿದೆ. 'ಅದೆಲ್ಲ ಅಮೆರಿಕದವರಿಗೆ' ಎಂದು ಖಜಾಂಚಿ ಕೈ ಝಾಡಿಸಿದರು.

ಸರಿ, ಬೈಬಲ್ಲಿಗೇ ಬರೋಣ ಎಂದೆ. ಪ್ರವಾದಿ ಎಲೀಯ ಜಾಲಿಗಿಡದ ಕೆಳಗೆ ಬಿದ್ದುಕೊಂಡು ಸಾವು ಬೇಡಿದಾಗ ದೇವದೂತ ಪ್ರಸಂಗ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟು ಮತ್ತೆ ಮಲಗಲು ಬಿಟ್ಟ. ಎದ್ದ ಮೇಲೂ ರೊಟ್ಟಿಯೇ. ಬೆಳಗಿಂದ ಸಂಜೆವರೆಗೆ ಜನರ ವ್ಯಾಜ್ಯ ಕೇಳಿ ಸೊರಗುತ್ತಿದ್ದ ಮೋಶೆಗೆ ಮಾವ ಇತ್ರೋ ಹೇಳಿದ್ದೂ ಇಷ್ಟೇ: ಸಾವಿರಕ್ಕೊಬ್ಬ, ನೂರಕ್ಕೊಬ್ಬ, ಐವತ್ತಕ್ಕೊಬ್ಬ, ಹತ್ತಕ್ಕೊಬ್ಬ ಅಂತ ಆಳು ನೇಮಿಸಿ ಕೆಲಸ ಹಂಚು. ಮಾವನ ಮಾತು ಕೇಳಿದ ಅಳಿಯ ಲೋಕದಲ್ಲೇ ಅಪರೂಪ, ಮೋಶೆ ಕೇಳಿದ.

'ನಮ್ಮಲ್ಲಿ ಹತ್ತು ಮನೆ ಯಾರು ನೋಡಿಕೊಳ್ಳುತ್ತೀರಿ?' ಎಂದು ಕೇಳಿದೆ. ಎಲ್ಲರೂ ಫ್ಯಾನು ನೋಡಿದರು. ಹಿಂದಿನ ಬಿಷಪ್ಪರೊಬ್ಬರ ಹೆಸರು ಕೆತ್ತಿದ್ದ ಫ್ಯಾನು. ಯಾರೋ ಬಾಸೆಲ್ ಮಿಶನ್ನಿನವರ ತ್ಯಾಗ ನೆನಪಿಸಿದರು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಆ ಪಾದ್ರಿಗಳ ಸಂಗಡಿಗರಿಗೂ ಕರಾವಳಿಯ ಸೆಕೆ ತಡೆಯದಾಗ ನೀಲಗಿರಿಯ ಕೇತಿಯಲ್ಲಿ ತಂಪಿನ ಠಾಣೆ ಇತ್ತು ಎಂಬುದನ್ನು ಮಾತ್ರ ಯಾರೂ ನೆನಪಿಸಲಿಲ್ಲ.

ಕೊನೆಗೆ ಠರಾವಾಯಿತು. ಅಯ್ಯನವರ ಆತ್ಮಿಕ ಚೈತನ್ಯಕ್ಕಾಗಿ ಇನ್ನು ಮುಂದೆ ಪ್ರತಿ ಮಂಗಳವಾರ ಬೆಳಗಿನ ಐದು ಗಂಟೆಗೆ ವಿಶೇಷ ಪ್ರಾರ್ಥನೆ. ಗೇಟು ತೆಗೆಯುವುದು, ಪ್ರಾರ್ಥನೆ ನಡೆಸುವುದು, ಬಾರದವರ ಮನೆಗೆ ಹೋಗಿ ವಿಚಾರಿಸುವುದು ಅಯ್ಯನವರ ಹೊಣೆ.

ಡಾಕ್ಟರು ಇನ್ನೊಂದು ಠರಾವು ಮಂಡಿಸಿದರು: ಸೋಮವಾರ ಅಯ್ಯನವರಿಗೆ ಪೂರ್ತಿ ರಜೆ, ಆ ದಿನ ಫೋನೂ ಇಲ್ಲ. ನಾನು ಅನುಮೋದಿಸಿದೆ. ಸೋಮವಾರ ಯಾರಾದರೂ ತೀರಿಕೊಂಡರೆ ಏನು ಗತಿ ಎಂದು ಕಾರ್ಯದರ್ಶಿ ಕೇಳಿದರು. ಗಹನವಾದ ಪ್ರಶ್ನೆಯಾದ್ದರಿಂದ ವಿಷಯವನ್ನು ಮುಂದೂಡಿದೆವು.

ಇಷ್ಟೂ ಹೊತ್ತು ಅಧ್ಯಕ್ಷರ ಕುರ್ಚಿಯಲ್ಲಿ ಕೂತಿದ್ದವರು ಅಯ್ಯನವರೇ. ನಿಯಮದ ಪ್ರಕಾರ ಅವರಿಲ್ಲದೆ ಮೀಟಿಂಗು ನಡೆಯುವುದಿಲ್ಲ. ಎದ್ದು ನಿಂತು ನಮ್ಮೆಲ್ಲರ ಆರೋಗ್ಯಕ್ಕಾಗಿ ಪ್ರಾರ್ಥಿಸಿ, ಲೈಟು ಆರಿಸಿ, ಬೀಗ ಹಾಕಿದರು. ರಜೆಯ ವಿಷಯ ಮುಂದಿನ ಮೀಟಿಂಗಿಗೆ ಬರುತ್ತದೆ. ಅದು ಸೋಮವಾರ ಸಂಜೆ ಆರಕ್ಕೆ.